ಆರತಿ ಕರ್ಪೂರದ ಎಡಮುರಿ, ಬಲಮುರಿ

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಹರಿಹರದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ವಿಗ್ರಹವು ಬಲಭಾಗದಲ್ಲಿ ಹರನನ್ನೂ ಎಡಭಾಗದಲ್ಲಿ ಹರಿಯನ್ನೂ ತಾಳಿ ನಿಂತಿದ್ದು, ಕನ್ನಡಿಯಲ್ಲಿ ಆ ಕ್ರಮ ಅದಲುಬದಲಾಗುವುದರಿಂದ, ಬಿಂಬವನ್ನು ಎತ್ತ ತಿರುಗಿಸಿದರೂ ಅದು ವಿಗ್ರಹದೊಡನೆ ಹೊಂದದು. ರಸಾಯನಶಾಸ್ತ್ರವು ಕೈರಲ್ ಎಂದು ಕರೆಯುವ ಅಣುಗಳ ಲಕ್ಷಣವೂ ಇದೇ. ದೇವರ ಮುಂದೆ ಬೆಳಗುವ ಕರ್ಪೂರ ಅಂಥ ಅಣುಗಳಲ್ಲೊಂದು.

ಕರ್ಪೂರವು ಮೊದಲಿನಿಂದಲೂ ಕಡಲು ದಾಟಿ ಬಂದ ಸರಕು. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಂಘವು, ಕರ್ಪೂರಕ್ಕೆ ಹೆಸರಾದ ಸುಮಾತ್ರದ ಬರೂಸ್ ರೇವಿನ ಬಳಿ 1088ರಲ್ಲಿ ತಮಿಳು ಶಾಸನವೊಂದನ್ನು ಹಾಕಿಸಿತ್ತೆಂಬುದು ಕನ್ನಡಿಗರು ಇನ್ನೂ ಹೆಚ್ಚು ನೆನೆಯಬೇಕಾದ ಸಂಗತಿ. ಇದೇ ಸಂಘದ ಶಿಕಾರಿಪುರದ ಶಾಸನವು ಏಲಕ್ಕಿ, ಲವಂಗ, ಶ್ರೀಗಂಧ, ಕಸ್ತೂರಿಗಳ ಸಾಲಿನಲ್ಲಿ ಕರ್ಪೂರವನ್ನೂ ಎಣಿಸುತ್ತದೆ. ಬರೂಸಿನ ಮರದ್ದು ಬಾರ್ನಿಯಾಲ್ ಎಂಬ ಹತ್ತಿರದ ಸಂಬಂಧಿ. ಚೀನಾ, ತೈವಾನ್‌ಗಳ ಮರದಿಂದ ಭಟ್ಟಿಯಿಳಿಸಿದ್ದೇ ಇಂದಿನ ಅರ್ಥದ ಕರ್ಪೂರ, ಮತ್ತು ಆ ಮರವು ಸಾಮಾನ್ಯವಾಗಿ ಅದರ ಬಲಮುರಿ ರೂಪವನ್ನೇ ಕಟ್ಟುತ್ತದೆ. 20ನೇ ಶತಮಾನದ ಆರಂಭದಲ್ಲಿ ಪೈನ್ ಮರದ ಟರ್ಪೆಂಟೈನ್‌ನಿಂದ ಕರ್ಪೂರ ತಯಾರಿಸುವ ಉದ್ಯಮ ಬೆಳೆದ ಮೇಲೆ ಎಡಮುರಿ, ಬಲಮುರಿಗಳು ಸಮಪಾಲಾಗಿ ಬೆರೆತ ಸರಕು ಪೇಟೆಗೆ ಬಂದಿತು. ದಾವಣಗೆರೆಯ ಗ್ರಂಥಿಗೆ ಅಂಗಡಿಗಳ ಬಿಳಿ ಬಿಲ್ಲೆಯೂ ಬಹುಮಟ್ಟಿಗೆ ಇದೇ ಕುಲದ್ದು. ಆರತಿ ತಟ್ಟೆಯಲ್ಲಿ ಅದು ಕಿಡಿ ಸೋಕಿದೊಡನೆ ಹೊತ್ತಿ, ಬೂದಿ ಉಳಿಸದೆ ಉರಿದುಹೋಗುತ್ತದೆ. ಉರಿಗೆ ಎಡಬಲಗಳ ಭೇದವಿಲ್ಲ.

ತೂಕಕ್ಕೂ ಆ ಭೇದವಿಲ್ಲ. ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತು, ಉಳಿದ ವಿದ್ಯುದಾವೇಶದ ಕಣದ ದ್ರವ್ಯರಾಶಿಯನ್ನು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಎರಡೂ ರೂಪಗಳಿಗೆ 152 ಎಂಬ ಒಂದೇ ಅಂಕಿಯನ್ನು ತೋರಿಸುತ್ತದೆ. ಆದರೆ ಎಲೆಕ್ಟ್ರಾನನ್ನು ಕೀಳುವ ಬೆಳಕೇ ತಿರುಪಿನಂತೆ ಸುತ್ತುತ್ತ ಬಂದರೆ ಎರಡರ ನಡತೆಯೂ ಬೇರೆಯಾಗುತ್ತದೆ. ಜರ್ಮನಿಯ ಕಾಸೆಲ್‌ನ ವಿಜ್ಞಾನಿಗಳು, ಸೆಕೆಂಡಿನ ಹತ್ತು ಲಕ್ಷ ಕೋಟಿಯ ಒಂದು ಭಾಗಕ್ಕಿಂತಲೂ ಚಿಕ್ಕದಾದ, ಫೆಮ್ಟೊಸೆಕೆಂಡುಗಳಲ್ಲಿ ಎಣಿಸುವ ಲೇಸರ್ ಮಿಡಿತಗಳನ್ನು ಹಾಯಿಸಿ ನಡೆಸಿದ ಪ್ರಯೋಗವನ್ನು 2012ರಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡ ಅಣುಗಳಲ್ಲಿ ಕರ್ಪೂರವೂ ಇತ್ತು. ಚಿಮ್ಮಿದ ಎಲೆಕ್ಟ್ರಾನುಗಳು ಒಂದು ರೂಪದಲ್ಲಿ ಬೆಳಕಿನ ದಿಕ್ಕಿಗೆ ಹೆಚ್ಚಾಗಿ ವಾಲಿದರೆ, ಇನ್ನೊಂದರಲ್ಲಿ ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ವಾಲಿದವು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನ ತಂಡವೊಂದು ಕರ್ಪೂರದ ಪ್ರತಿ ಎಲೆಕ್ಟ್ರಾನನ್ನೂ ಅದರೊಡನೆ ಹುಟ್ಟಿದ ಅಯಾನಿನ ದ್ರವ್ಯರಾಶಿಯನ್ನೂ ಜೋಡಿಯಾಗಿ ದಾಖಲಿಸಿತು. ಸಮಪಾಲಿನ ಬೆರಕೆಯಲ್ಲಾದರೋ ಒಂದರ ಒಲವನ್ನು ಇನ್ನೊಂದು ಅಳಿಸುವುದರಿಂದ, ತೈವಾನಿನ ಮರದ ಕರ್ಪೂರ ಎದ್ದು ತೋರಿಸುವ ವಾಲಿಕೆಯು ಟರ್ಪೆಂಟೈನ್‌ನಿಂದ ಹುಟ್ಟಿದ ಬಿಲ್ಲೆಯಲ್ಲಿ ಸೊನ್ನೆಯಾಗಿರುತ್ತದೆ.