ಸಾಂಬ್ರಾದ ಕುಂದಾ ಅಂಗಡಿಗೆ ಎಂಥ ಆ್ಯಪ್ ಬೇಕು?

ಬೆಳಗಾವಿಯ ವಿಮಾನ ನಿಲ್ದಾಣ ಇರೋದು ಸಾಂಬ್ರಾದಲ್ಲಿ. ಅಲ್ಲಿ ಬಂದಿಳಿದವರಿಗೆ ಕುಂದಾ ಮಾರುವ ಅಂಗಡಿಯವರು ‘ನಮಗೂ ಒಂದು ಆ್ಯಪ್’ ಅಂತ ಹೊರಟರೆ ಮೊದಲು ಕೇಳಿಕೊಳ್ಳಬೇಕಾದ್ದು: ಒಬ್ಬ ಗಿರಾಕಿ ವರ್ಷಕ್ಕೆ ಎಷ್ಟು ಸಲ ಬರ್ತಾರೆ?

ಎರಡು ಸಲ ಅಂದ್ರೆ ಆ್ಯಪನ್ನು ಯಾರೂ ಇಳಿಸಿಕೊಳ್ಳಲ್ಲ. ಬ್ರೌಸರ್‌ನಲ್ಲೇ ತೆರೆಯುವ ವೆಬ್ ಆ್ಯಪ್ ಸಾಕು. ಪ್ಲೇ ಸ್ಟೋರ್‌ನ ಒಪ್ಪಿಗೆ ಬೇಡ, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟೋದೂ ಬೇಡ.

ಆಟೊ ಬುಕಿಂಗ್, ಹಾಲಿನ ಲೆಕ್ಕದಂಥ ದಿನಬಳಕೆಗಾದರೆ ಫ್ಲಟರ್ ಅಥವಾ ರಿಯಾಕ್ಟ್ ನೇಟಿವ್ ನೋಡಿ. ಬಹುಪಾಲು ಒಂದೇ ಕೋಡ್ ಆಂಡ್ರಾಯ್ಡ್‌ಗೂ ಐಫೋನ್‌ಗೂ ನಡೆಯುತ್ತೆ. ಕಾಟ್ಲಿನ್, ಸ್ವಿಫ್ಟ್‌ನಲ್ಲಿ ಬೇರೆಬೇರೆ ಬರೆಸಿದರೆ ಖರ್ಚು ಹೆಚ್ಚುಕಮ್ಮಿ ಎರಡು ಪಟ್ಟು.

ಇನ್ನು ಒಡೆತನ. ಆಟೊ ಚಾಲಕರ ಯೂನಿಯನ್ ಜತೆ 2022ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ನಮ್ಮ ಯಾತ್ರಿ’ ಕಮಿಷನ್ ತೆಗೆದುಕೊಳ್ಳಲಿಲ್ಲ. ಮರುವರ್ಷ ದಿನಕ್ಕೆ 25 ರೂಪಾಯಿ ಶುಲ್ಕ ತಂದಿತು. ಅದರ ಕೋಡ್ ಯಾರು ಬೇಕಾದರೂ ನೋಡಬಹುದು. ನಿಮ್ಮದು? ಕೋಡ್, ಸ್ಟೋರ್ ಖಾತೆ, ಗಿರಾಕಿಗಳ ಪಟ್ಟಿ ನಿಮ್ಮ ಹೆಸರಲ್ಲೇ ಇರಬೇಕು ಅಂತ ಕರಾರಿನಲ್ಲಿ ಬರೆಸಿ. ಇಲ್ಲದಿದ್ದರೆ ಆ್ಯಪ್ ಮಾಡಿಕೊಟ್ಟವರ ಜತೆ ಜಗಳವಾದ ದಿನ ಅಂಗಡಿಯ ಕೀಲಿಕೈ ಅವರ ಹತ್ತಿರವೇ ಉಳಿಯುತ್ತೆ.

ಹಾಂ, ಭಾಷೆಯ ಆಯ್ಕೆಯನ್ನು ಮೊದಲೇ ಹಾಕಿಸಿ. ಇಲ್ಲಿ ಗಿರಾಕಿ ಕನ್ನಡದಲ್ಲೂ ಕೇಳ್ತಾರೆ, ಮರಾಠಿಯಲ್ಲೂ ಕೇಳ್ತಾರೆ. ಆಮೇಲೆ ಸೇರಿಸೋದು ದುಬಾರಿ.