ಕರೆ ಮೊದಲೋ, ಬಿಲ್ಲು ಮೊದಲೋ: ಮಾಳಮಡ್ಡಿಯಿಂದ ನೋಡಿದ ತುರ್ತು ಸೇವೆಯ ಶುಲ್ಕ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಟ್ರೇಸಿ ನಗರ 2010ರಲ್ಲಿ ತನ್ನ ನಿವಾಸಿಗಳಿಗೆ ಎರಡು ದಾರಿ ತೋರಿಸಿತು. ಮನೆಗೊಂದರಂತೆ ವರ್ಷಕ್ಕೆ 48 ಡಾಲರ್ ಕಟ್ಟಿದರೆ ವೈದ್ಯಕೀಯ ತುರ್ತಿಗೆ ಎಷ್ಟು ಸಲ ಬೇಕಾದರೂ 911ಕ್ಕೆ ಕರೆ ಮಾಡಬಹುದು. ಕಟ್ಟದವರು ಪ್ರತಿ ಸಲಕ್ಕೆ 300 ಡಾಲರ್ ತೆರಬೇಕು. ಅದೇ ವರ್ಷ ಟೆನೆಸ್ಸಿಯ ಸೌತ್ ಫುಲ್ಟನ್ ಊರಿನ ಅಗ್ನಿಶಾಮಕ ದಳದವರು, 75 ಡಾಲರಿನ ವಾರ್ಷಿಕ ಶುಲ್ಕ ಬಾಕಿ ಇದ್ದ ಗ್ರಾಮೀಣ ಮನೆಯೊಂದು ಉರಿದು ಹೋಗುವುದನ್ನು ನಿಂತು ನೋಡಿದರು. ಈ ಸುದ್ದಿಗಳನ್ನು ನಾವು ಓದಿದ್ದು ವಿಚಿತ್ರವೆಂಬಂತೆ. ನಮ್ಮಲ್ಲಿ 108 ಪುಕ್ಕಟೆ, ಬೆಂಕಿ ಗಾಡಿಗೆ ಯಾರೂ ಬಾಡಿಗೆ ಕೇಳುವುದಿಲ್ಲ ಎಂಬ ಸಮಾಧಾನ ಆ ಓದಿನ ಹಿಂದಿತ್ತು. ಆ ಸಮಾಧಾನ ಎಷ್ಟು ಗಟ್ಟಿ ಎಂಬುದನ್ನು ಧಾರವಾಡದ ಮಾಳಮಡ್ಡಿಯಲ್ಲಿ ನಿಂತು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ನನ್ನ ವಾದ ಇಷ್ಟು: ತುರ್ತು ಸೇವೆಗೆ ಹಣ ಕೊಡಬೇಕೇ ಎಂಬ ಪ್ರಶ್ನೆಗಿಂತ, ಆ ಹಣ ಯಾವ ಗಳಿಗೆಯಲ್ಲಿ ಮತ್ತು ಯಾರ ಕೈಯಿಂದ ಹೋಗುತ್ತದೆ ಎಂಬುದು ದೊಡ್ಡದು. ಮಾಳಮಡ್ಡಿಯ ಮನೆಗಳು ಆ ಹಣವನ್ನು ಈಗಾಗಲೇ ಎರಡು ಕಡೆ ಕೊಡುತ್ತಿವೆ, ಎರಡು ಕಡೆಯೂ ಅದಕ್ಕೆ ಬೇರೆ ಹೆಸರಿದೆ.

ಮೊದಲು ಕಾನೂನಿನ ನೆಲೆ. ತೆರಿಗೆ ಮತ್ತು ಶುಲ್ಕಗಳ ನಡುವೆ ಭಾರತದ ನ್ಯಾಯಾಲಯಗಳು ಎಳೆದ ಗೆರೆ ಹುಟ್ಟಿದ್ದು ಕನ್ನಡ ನಾಡಿನ ಮಠವೊಂದರ ವ್ಯಾಜ್ಯದಲ್ಲಿ. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಪ್ರಕರಣವನ್ನು 1954ರಲ್ಲಿ ತೀರ್ಮಾನಿಸುತ್ತ ಸುಪ್ರೀಂ ಕೋರ್ಟ್ ಒಂದು ಭೇದ ಕಲ್ಪಿಸಿತು. ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯವಾಗಿ ಪಡೆಯುವುದು, ಪ್ರತಿಫಲದ ಲೆಕ್ಕವಿಲ್ಲದ್ದು ತೆರಿಗೆ; ನಿರ್ದಿಷ್ಟ ವ್ಯಕ್ತಿಗೆ ಸಲ್ಲಿಸಿದ ವಿಶೇಷ ಸೇವೆಗೆ ಪ್ರತಿಯಾಗಿ ಪಡೆಯುವುದು ಶುಲ್ಕ. ಮದರಾಸು ಸರ್ಕಾರ ಮಠಗಳಿಂದ ವಸೂಲಿ ಮಾಡುತ್ತಿದ್ದ ವಂತಿಗೆ ಈ ಒರೆಗಲ್ಲಿನಲ್ಲಿ ಶುಲ್ಕವಾಗಿ ನಿಲ್ಲಲಿಲ್ಲ. ಮುಂದಿನ ದಶಕಗಳ ತೀರ್ಪುಗಳು ಈ ಗೆರೆಯನ್ನು ಸಾಕಷ್ಟು ಸಡಿಲಿಸಿದವು, ಆದರೆ ಪ್ರಶ್ನೆ ಹೋಗಲಿಲ್ಲ. ಮಾಳಮಡ್ಡಿಯ ಒತ್ತೊತ್ತಾದ ಓಣಿಯಲ್ಲಿ ಒಂದು ಮನೆಯ ಸಿಲಿಂಡರ್ ಹೊತ್ತಿಕೊಂಡು ಬೆಂಕಿ ಗಾಡಿ ಬಂದರೆ, ಆ ಸೇವೆ ಯಾರಿಗೆ ಸಂದಿತು? ಕರೆ ಮಾಡಿದವರಿಗೋ, ಗೋಡೆ ಹಂಚಿಕೊಂಡ ನೆರೆಯವರಿಗೋ, ಇಡೀ ಓಣಿಗೋ? ಲಂಡನ್ನಿನಲ್ಲಿ ವಿಮಾ ಕಂಪನಿಗಳ ಖಾಸಗಿ ಅಗ್ನಿಶಾಮಕ ದಳಗಳಿದ್ದ ಕಾಲವೊಂದಿತ್ತು, ವಿಮೆ ಇದ್ದ ಮನೆಯ ಗೋಡೆಗೆ ಲೋಹದ ಬಿಲ್ಲೆ ಹೊಡೆಯುತ್ತಿದ್ದರು. 1861ರ ಟೂಲಿ ಸ್ಟ್ರೀಟ್ ಬೆಂಕಿ ಆ ವ್ಯವಸ್ಥೆಯ ಮಿತಿ ತೋರಿಸಿತು. 1866ರಲ್ಲಿ ಸಾರ್ವಜನಿಕ ದಳ ಬಂತು. ಬೆಂಕಿ ಬಿಲ್ಲೆ ನೋಡಿ ಹಬ್ಬುವುದಿಲ್ಲವಲ್ಲ.

ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ, 1964 ಈ ದೃಷ್ಟಿಯಿಂದ ಕುತೂಹಲಕರ. ಅದರಲ್ಲಿ ಆಸ್ತಿ ತೆರಿಗೆಯ ಮೇಲೆ ಸರ್‌ಚಾರ್ಜ್ ರೂಪದ ಅಗ್ನಿ ತೆರಿಗೆಗೆ ಅವಕಾಶವಿದೆ. ಕಾಯ್ದೆ ಜಾರಿಯಲ್ಲಿರುವ ಪ್ರದೇಶದ ಗಡಿಯಾಚೆ ದಳ ಹೋಗಿ ಬೆಂಕಿ ಆರಿಸಿದರೆ ಆ ಜಾಗದ ಮಾಲೀಕರಿಂದ ಶುಲ್ಕ ಪಡೆಯಲೂ ಅವಕಾಶವಿದೆ. ಸೌತ್ ಫುಲ್ಟನ್ನಿನ ಸಮಸ್ಯೆಯೂ ಇದೇ, ಊರ ಗಡಿಯ ಹೊರಗಿನ ಮನೆ. ಆದರೆ ನಮ್ಮ ಕಾಯ್ದೆ ಬರೆದವರು ಕ್ರಮವನ್ನು ತಿರುವಿಟ್ಟರು: ಗಾಡಿ ಮೊದಲು ಹೋಗುತ್ತದೆ, ಬಿಲ್ಲು ಆಮೇಲೆ. ಬಹುಮಹಡಿ ಕಟ್ಟಡಗಳ ಮೇಲೆ ಶೇ. 1ರ ಅಗ್ನಿ ಸೆಸ್ ಹಾಕುವ ಕ್ರಮವನ್ನು ರಾಜ್ಯ ಸರ್ಕಾರ ಇತ್ತೀಚೆಗೆ ಕೈಗೆತ್ತಿಕೊಂಡದ್ದು ಇದೇ ಜಾಡಿನ ಮುಂದುವರಿಕೆ. ಎತ್ತರದ ಕಟ್ಟಡಕ್ಕೆ ಎತ್ತರದ ಏಣಿ ಬೇಕು, ಅದರ ಖರ್ಚಿನ ಪಾಲನ್ನು ಕಟ್ಟಿಸಿದವರೇ ಹೊರಲಿ ಎಂಬ ತರ್ಕದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಮೇಳ, ಪ್ರದರ್ಶನ, ಸಿನಿಮಾ ಚಿತ್ರೀಕರಣಗಳಿಗೆ ಗಾಡಿ ಕಾದು ನಿಲ್ಲಬೇಕಾದಾಗ ಹಣ ಪಡೆಯುವುದೂ ಸರಿಯೇ. ಅಲ್ಲಿ ಲಾಭ ಯಾರದೆಂದು ಗೊತ್ತಿರುತ್ತದೆ, ಬಿಲ್ಲು ನೋಡಿ ಯೋಚಿಸಲು ವ್ಯವಧಾನವೂ ಇರುತ್ತದೆ.

ವೈದ್ಯಕೀಯ ತುರ್ತಿನ ಕತೆ ಬೇರೆ. ವಿಶ್ವಬ್ಯಾಂಕಿನ ನೆರವಿನಿಂದ 1996ರಲ್ಲಿ ಶುರುವಾದ ಕರ್ನಾಟಕ ಆರೋಗ್ಯ ವ್ಯವಸ್ಥೆಗಳ ಅಭಿವೃದ್ಧಿ ಯೋಜನೆ ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ಬಳಕೆದಾರರ ಶುಲ್ಕವನ್ನು ಬೇರೂರಿಸಿತು. ಬಡತನ ರೇಖೆಯ ಕೆಳಗಿನವರಿಗೆ ವಿನಾಯಿತಿ ಇತ್ತು, ಬಂದ ಹಣ ಆಸ್ಪತ್ರೆಯಲ್ಲೇ ಉಳಿಯುತ್ತಿತ್ತು. ಕಾಗದದ ಮೇಲೆ ಅಚ್ಚುಕಟ್ಟಾದ ಏರ್ಪಾಡು. ಆದರೆ ವಿನಾಯಿತಿ ಬೇಕೆಂದರೆ ಕಾರ್ಡು ತೋರಿಸಬೇಕು. ನಡುರಾತ್ರಿ ಎದೆನೋವು ಬಂದವರ ಮನೆಯಲ್ಲಿ ಕಾರ್ಡು ಹುಡುಕುವವರು ಯಾರು? ತುರ್ತಿನಲ್ಲಿ ವಿನಾಯಿತಿ ಎಂಬುದು ಆಮೇಲೆ ನಡೆಯುವ ವಾದವಾಗುತ್ತದೆ, ಮೊದಲು ನಡೆಯುವುದು ಹಣದ ಹುಡುಕಾಟ.

2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ ಆರೋಗ್ಯ ಕವಚ 108 ಈ ಹುಡುಕಾಟವನ್ನು ಕರೆಯ ಮಟ್ಟದಲ್ಲಾದರೂ ಅಳಿಸಿತು. ಹೈದರಾಬಾದಿನಲ್ಲಿ 2005ರಲ್ಲಿ ಹುಟ್ಟಿದ ಇಎಂಆರ್‌ಐ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಖರ್ಚು ಸರ್ಕಾರದ್ದು, ನಿರ್ವಹಣೆ ಸಂಸ್ಥೆಯದು, ಕರೆದವರಿಗೆ ಪುಕ್ಕಟೆ. ರಾಜ್ಯದಲ್ಲಿ 700ಕ್ಕೂ ಹೆಚ್ಚು ಗಾಡಿಗಳು ಓಡಾಡುವ ಮಟ್ಟಕ್ಕೆ ಅದು ಬೆಳೆಯಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಬಾಣಂತಿಯನ್ನೂ ಕೂಸನ್ನೂ ಮನೆಗೆ ಬಿಡುವ ನಗು-ಮಗು ವಾಹನಗಳೂ ಬಂದವು. ಪುಕ್ಕಟೆ ಸೇವೆಗೆ ತನ್ನದೇ ದೌರ್ಬಲ್ಯವಿದೆ, ಅದನ್ನು ಮುಚ್ಚಿಡಬೇಕಿಲ್ಲ. ಸಂಬಳ ತಡವಾಯಿತೆಂದು ಸಿಬ್ಬಂದಿ ಮುಷ್ಕರಕ್ಕಿಳಿದದ್ದುಂಟು. 2022ರ ಸೆಪ್ಟೆಂಬರಿನಲ್ಲಿ ತಾಂತ್ರಿಕ ದೋಷದಿಂದ ಕರೆ ಕೇಂದ್ರವೇ ಕೈಕೊಟ್ಟಿತು. ಶುಲ್ಕವಾದಿಗಳು ಇಂಥ ಗಳಿಗೆಗೇ ಕಾದಿರುತ್ತಾರೆ: ‘ಜನ ದುಡ್ಡು ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ’. ಆದರೆ ಜನ ದುಡ್ಡು ಕೊಟ್ಟಿದ್ದಾರೆ.

ಮಾಳಮಡ್ಡಿಯ ಮನೆಯೊಂದರ ಆಸ್ತಿ ತೆರಿಗೆಯ ಚಲನ್ನು ಬಿಡಿಸಿ ನೋಡಿದರೆ ಇದು ತಿಳಿಯುತ್ತದೆ. ಮೂಲ ತೆರಿಗೆಯ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಉದಾಹರಣೆಗೆ ಮೂಲ ತೆರಿಗೆ 4,000 ರೂಪಾಯಿ ಎಂದುಕೊಂಡರೆ ಆರೋಗ್ಯ ಕರವೇ 600 ರೂಪಾಯಿ. ಇದರ ಬೇರು 1962ರ ಆರೋಗ್ಯ ಕರ ಕಾಯ್ದೆಯಲ್ಲಿದೆ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ವಸೂಲಿ ಮಾಡಿ, ತನ್ನ ವಸೂಲಿ ಖರ್ಚು ಹಿಡಿದುಕೊಂಡು, ಉಳಿದದ್ದನ್ನು ರಾಜ್ಯಕ್ಕೆ ಸಲ್ಲಿಸಬೇಕು. ಅಂದರೆ ಟ್ರೇಸಿಯ 48 ಡಾಲರಿನಂಥ ವಾರ್ಷಿಕ ವಂತಿಗೆ ಇಲ್ಲಿ ಆರು ದಶಕಗಳಿಂದ ಇದೆ. ಟ್ರೇಸಿಯವರಿಗೆ ಆ ಹಣಕ್ಕೆ ಏನು ಬರುತ್ತದೆಂದು ಗೊತ್ತಿತ್ತು. ಮಾಳಮಡ್ಡಿಯ ನಿವೃತ್ತ ಮಾಸ್ತರರಿಗೆ ತಮ್ಮ 600 ರೂಪಾಯಿ ಯಾವ ಆಂಬುಲೆನ್ಸಿನ ಯಾವ ಗಾಲಿಗೆ ಹೋಯಿತೆಂದು ಗೊತ್ತಾಗುವ ದಾರಿಯಿಲ್ಲ. ಹೆಸರಿಟ್ಟು ಎತ್ತಿದ ಹಣ ಬೇರೆಡೆ ಹರಿಯುವುದು ನಮ್ಮ ರೋಗ ಮಾತ್ರವಲ್ಲ. ಅಮೆರಿಕದ ರಾಜ್ಯಗಳು ಫೋನ್ ಬಿಲ್ಲಿನಲ್ಲಿ 911ರ ಹೆಸರಲ್ಲಿ ಎತ್ತುವ ಹಣ ಬೇರೆ ಖರ್ಚಿಗೆ ಹೋಗುತ್ತಿದೆಯೇ ಎಂದು ಅಲ್ಲಿನ ಸಂವಹನ ಆಯೋಗ 2008ರ ಕಾನೂನಿನಂತೆ ವರ್ಷವರ್ಷವೂ ವರದಿ ಕೊಡಬೇಕಾಗಿದೆ. ನಮ್ಮ ಆರೋಗ್ಯ ಕರಕ್ಕೆ ಅಂಥ ವಾರ್ಷಿಕ ಕನ್ನಡಿಯನ್ನು ಯಾರೂ ಹಿಡಿಯುವುದಿಲ್ಲ.

ಇನ್ನೊಂದು ತೊಡಕು ಮಾಳಮಡ್ಡಿಯ ವಸತಿಯ ಸ್ವರೂಪದಲ್ಲೇ ಇದೆ. ರೈಲ್ವೆ ಸ್ಟೇಶನ್ನಿನ ಮಗ್ಗುಲಿನ ಈ ಬಡಾವಣೆಯಲ್ಲಿ ಹಳೆಯ ಮನೆಗಳು, ಅವುಗಳ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟುಗಳು, ಕೆ.ಇ. ಬೋರ್ಡಿನ ಶಾಲೆ, ಪೆನ್ಶನ್ನಿನ ಮೇಲೆ ಬದುಕುವ ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಗೆಂದು ರೂಮು ಮಾಡಿಕೊಂಡು ಇರುವ ಹೊರಜಿಲ್ಲೆಯ ಹುಡುಗರು ಎಲ್ಲ ಸೇರಿದ್ದಾರೆ. ತೆರಿಗೆ ಕಟ್ಟುವ ಮಾಲೀಕರು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರಬಹುದು. ಫೋನು ಹಿಡಿದವರು ಬಾಡಿಗೆದಾರರು. ‘ಮನೆಗೊಂದು ಶುಲ್ಕ’ ಎಂದರೆ ಯಾವ ಮನೆ, ಯಾರ ಹೆಸರು? ಶುಲ್ಕ ಕಟ್ಟಿದ ಮನೆಗಳ ಪಟ್ಟಿ ನೋಡಿ ದರ ಹೇಳುವ ವ್ಯವಸ್ಥೆಯಲ್ಲಿ, ‘ರೇಲ್ವೆ ಸ್ಟೇಶನ್ ಹತ್ರ ರೀ, ಲಗೂ ಬರ್ರಿ’ ಎನ್ನುವ ರೂಮಿನ ಹುಡುಗನ ಹೆಸರು ಆ ಪಟ್ಟಿಯಲ್ಲಿ ಎಂದೂ ಇರುವುದಿಲ್ಲ. ಬಿಲ್ಲಿನ ಭಯವಿದ್ದರೆ ಅವನು ಕರೆ ಮಾಡುವ ಮೊದಲು ಇನ್ನೊಬ್ಬರನ್ನು ಕೇಳುತ್ತಾನೆ. ಅಜ್ಜಿಯಾದರೆ ‘ಮುಂಜಾನೆ ತನಕ ನೋಡೋಣು’ ಎನ್ನುತ್ತಾಳೆ. ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಆ ತಡವೇ ಮಾರಕ. ಅನಗತ್ಯ ಕರೆಗಳನ್ನು ಶುಲ್ಕ ತಡೆಯುತ್ತದೆಂಬ ವಾದ ಇಲ್ಲಿ ಎಡವುತ್ತದೆ. ಕರೆ ಅನಗತ್ಯವೋ ಅಲ್ಲವೋ ಎಂದು ತಿಳಿಯುವುದು ವೈದ್ಯರು ನೋಡಿದ ಮೇಲೆ.

ಕರೆಗೊಂದು ಬಿಲ್ಲು ಎಂಬ ಲೆಕ್ಕವೇ ಅರ್ಥ ಕಳೆದುಕೊಳ್ಳುವ ಸಂದರ್ಭಗಳೂ ಇವೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಸತ್ತರು. ಅಗ್ನಿಶಾಮಕ ದಳ, ರಾಷ್ಟ್ರೀಯ ಮತ್ತು ರಾಜ್ಯ ವಿಪತ್ತು ಪಡೆಗಳು ಹಗಲಿರುಳು ಅವಶೇಷ ಸರಿಸಿದವು. ದಿನಗಳು ಕಳೆದ ಮೇಲೂ ಜೀವಂತವಾಗಿ ಹೊರಬಂದವರಿದ್ದರು. ಈ ಕಾರ್ಯಾಚರಣೆಯ ವೆಚ್ಚವನ್ನು ಕರೆಯ ಲೆಕ್ಕದಲ್ಲಿ ಹಂಚಲು ಸಾಧ್ಯವೇ ಇಲ್ಲ. ಕಟ್ಟಡದ ಹೊಣೆಗಾರರಿಂದ ವಸೂಲಿ ಮಾಡಬೇಕೆಂದರೆ ಅದು ನ್ಯಾಯಾಲಯದ ದಾರಿ, ಅದು ದಂಡ ಅಥವಾ ಪರಿಹಾರ. ಸೇವೆಯ ಶುಲ್ಕದೊಡನೆ ಅದನ್ನು ಬೆರೆಸಬಾರದು.

ಮನೆಗಳು ಹಣ ಕೊಡುವ ಎರಡನೆಯ ಜಾಗ ಆಸ್ಪತ್ರೆಯ ಬಾಗಿಲು. ಪುಕ್ಕಟೆ ಗಾಡಿ ರೋಗಿಯನ್ನು ಧಾರವಾಡದ ಜಿಲ್ಲಾಸ್ಪತ್ರೆಗೆ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಅಥವಾ ಖಾಸಗಿ ಆಸ್ಪತ್ರೆಗೆ ತಲುಪಿಸಿದ ಮೇಲೆ ಲೆಕ್ಕ ಬದಲಾಗುತ್ತದೆ. ಪಶ್ಚಿಮ ಬಂಗಾ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ತುರ್ತು ಚಿಕಿತ್ಸೆ ಕೊಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದಿತು. ಹಣಕಾಸಿನ ಮುಗ್ಗಟ್ಟು ಅದಕ್ಕೆ ನೆಪವಾಗದು ಎಂದೂ ಹೇಳಿತು. ರಾಜ್ಯ 2016ರಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದು ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆ 25,000 ರೂಪಾಯಿಯವರೆಗಿನ ಚಿಕಿತ್ಸೆಯ ಹೊಣೆ ಹೊತ್ತಿತು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ತುರ್ತಿನಲ್ಲಿ ಮುಂಗಡ ಹಣಕ್ಕೆ ಪಟ್ಟು ಹಿಡಿಯಕೂಡದೆಂದಿತು. ಇವೆಲ್ಲವೂ ಬಿಲ್ಲನ್ನು ಹಿಂದೆ ತಳ್ಳುವ ಪ್ರಯತ್ನಗಳೇ. ಆದರೂ ಅಡ್ಮಿಶನ್ ಕೌಂಟರಿನಲ್ಲಿ ಡಿಪಾಸಿಟ್ ಎಂಬ ಮಾತು ಪೂರ್ತಿ ಕೇಳದಾಗಿಲ್ಲ. ಟ್ರೇಸಿಯ 300 ಡಾಲರ್ ನಮ್ಮಲ್ಲಿ ಇರುವುದು ಈ ಕೌಂಟರಿನಲ್ಲಿ.

2025ರ ಜನವರಿಯಲ್ಲಿ ರಾಜ್ಯ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಒಪ್ಪಿತು. ಹೊಸ ಪಾಲಿಕೆ ತನ್ನ ಚಲನ್ನುಗಳನ್ನು ಹೊಸದಾಗಿಯೇ ಅಚ್ಚು ಹಾಕಿಸಬೇಕಾಗುತ್ತದೆ. ಆರೋಗ್ಯ ಕರ ಎಂಬ ಸಾಲಿನ ಕೆಳಗೆ, ಹಿಂದಿನ ವರ್ಷ ಈ ವಾರ್ಡಿನಿಂದ ಎಷ್ಟು ಸಂಗ್ರಹವಾಯಿತು, ರಾಜ್ಯಕ್ಕೆ ಎಷ್ಟು ಸಂದಾಯವಾಯಿತು, ಈ ವಾರ್ಡಿನಿಂದ 108ಕ್ಕೆ ಎಷ್ಟು ಕರೆ ಹೋದವು, ಗಾಡಿ ತಲುಪಲು ಸರಾಸರಿ ಎಷ್ಟು ನಿಮಿಷ ಹಿಡಿಯಿತು ಎಂಬ ನಾಲ್ಕು ಅಂಕಿಗಳನ್ನು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ. ಕರದ ಲೆಕ್ಕ ಪಾಲಿಕೆಯ ಬಳಿಯೇ ಇರುತ್ತದೆ, ಕರೆಯ ಲೆಕ್ಕವನ್ನು ಆರೋಗ್ಯ ಇಲಾಖೆಯಿಂದ ತರಿಸಿಕೊಳ್ಳಬೇಕು. ಕರೆಗೆ ಶುಲ್ಕ ಬೇಕೋ ಬೇಡವೋ ಎಂಬ ಚರ್ಚೆಯನ್ನು ಆ ನಾಲ್ಕು ಅಂಕಿಗಳು ಮುಂದಿರುವಾಗ ಮಾಡೋಣ.