ಧಾತು ಈಶ್ವರ ಬರದಿಂದ ಸಹಕಾರ ಸಂಘದವರೆಗೆ



ಬೆಳ್ಳಿಹಬ್ಬದ ಸಂಚಿಕೆಗೆ ಇತಿಹಾಸದ ಲೇಖನವೊಂದು ಬೇಕೆಂದಾಗ ನಾವು ಷೇರು, ಠೇವಣಿ, ಸಾಲ ವಸೂಲಿಯ ಲೆಕ್ಕವನ್ನೆಲ್ಲ ವಾರ್ಷಿಕ ವರದಿಗೇ ಬಿಟ್ಟು ಸ್ವಲ್ಪ ಹಿಂದಕ್ಕೆ ಹೋಗಿದ್ದೇವೆ. ಸಹಕಾರ ಸಂಘ ಅನ್ನೋದು ಯಾಕೆ ಹುಟ್ಟಿತು ಎಂದು ಕೇಳುತ್ತ ಹೋದರೆ ದಾರಿ ಬರಗಾಲದ ಬಾಗಿಲಿಗೆ ಬಂದು ನಿಲ್ಲುತ್ತದೆ.

1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಬರವನ್ನು ಹಳಬರು ‘ಧಾತು ಈಶ್ವರ ಬರ’ ಎನ್ನುತ್ತಿದ್ದರು. ಆ ಎರಡು ಸಂವತ್ಸರಗಳಲ್ಲಿ ಬಂದದ್ದು ಅಂತ ಆ ಹೆಸರು. ಸೀಮೆ ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1875ರಲ್ಲೇ ಮಳೆ ಕೈಕೊಟ್ಟು ಬೆಳೆ ಅರ್ಧಂಬರ್ಧವಾಗಿತ್ತು. 1876ರಲ್ಲಿ ಮುಂಗಾರೂ ಇಲ್ಲ, ಹಿಂಗಾರೂ ಇಲ್ಲ. ನಮ್ಮ ಕಡೆ ರೈತನಿಗೆ ಆ ಕಾಲದ ಬ್ಯಾಂಕು ಅಂದರೆ ಹಗೇವು. ಅದರಲ್ಲಿ ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ವರ್ಷದ ಬರವನ್ನು ಹಗೇವು ತಡೆದೀತು, ಬೆನ್ನುಬೆನ್ನಿಗೆ ಬಂದರೆ ಏನು ಮಾಡೋದು?

ಹಾಗಾದರೆ ಧಾನ್ಯವೇ ಇರಲಿಲ್ಲವೇ? ಇತ್ತು. ಬಂಗಾಳದ ಅಕ್ಕಿ ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಒಳನಾಡಿಗೆ ಬರುತ್ತಿತ್ತು. ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಕಷ್ಟವೆಲ್ಲ ಇದ್ದದ್ದು ಬೆಂಗಳೂರಿನಿಂದ ಮುಂದೆ. ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಅಲ್ಲಿಯತನಕ ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೇ ಬಿದ್ದುಹೋದ ಮೇಲೆ ಗಾಡಿ ಎಳೆಯುವವರಾರು? ಅನ್ನ ಜನರ ಹತ್ತಿರ ಹೋಗಲಿಲ್ಲ, ಜನವೇ ಅನ್ನದ ಹತ್ತಿರ ನಡೆದರು. ಮಕ್ಕಳನ್ನು ಹೊತ್ತುಕೊಂಡು ಹಿಂಡುಹಿಂಡಾಗಿ ಪಟ್ಟಣದ ಕಡೆ ಹೊರಟವರಲ್ಲಿ ಎಷ್ಟೋ ಮಂದಿ ದಾರಿಯಲ್ಲೇ ಪ್ರಾಣ ಬಿಟ್ಟರು. ಲಾರಿಗಳ ನಡುವೆ ತುಮಕೂರು ರಸ್ತೆ ದಾಟಲು ಒದ್ದಾಡುವ ನಾವು ಇದನ್ನೊಮ್ಮೆ ನೆನೆಯಬೇಕು.

ಸರ್ಕಾರ ಸುಮ್ಮನೆ ಕೂತಿರಲಿಲ್ಲ. ಕೈಲಾಗದವರಿಗೆ ಗಂಜಿ ಕೇಂದ್ರ, ದುಡಿಯಬಲ್ಲವರಿಗೆ ರಸ್ತೆ, ಕೆರೆ ಕೆಲಸ ಎಂದು ವಿಂಗಡಿಸಿದರು. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣು ಕೆಲಸವೂ ಬರಪರಿಹಾರದ ಕೆಲಸವೇ. ಆದರೆ ಕೂಲಿಯ ವಿಷಯಕ್ಕೆ ಬಂದರೆ ನಮಗೆ ಇವತ್ತಿಗೂ ಸಿಟ್ಟು ಬರುತ್ತದೆ. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಪುಡಿಗಾಸು ಸಾಕು ಎಂದು ಗೊತ್ತುಮಾಡಿದರು. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಮಣ್ಣು ಹೊರುವ ಆಳಿಗೆ ಇದು ಯಾವ ಮೂಲೆಗೆ? ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇಷ್ಟರಲ್ಲಿ ಜೀವ ಉಳಿಯದು ಎಂದು ಪಟ್ಟು ಹಿಡಿದು ವಾದಿಸಿದರು.

1877ರಲ್ಲಿ ವೈಸ್‌ರಾಯ್ ಲಿಟ್ಟನ್ ಇಲ್ಲಿಗೆ ಬಂದುಹೋದ ಮೇಲೆ ಎಲಿಯಟ್ ಎಂಬುವರು ಮೈಸೂರಿನ ಕ್ಷಾಮ ಕಮಿಷನರಾದರು. ಅದೇ ವರ್ಷ ಲಂಡನ್ನಿನ ಮೇಯರು ತೆರೆದ ನಿಧಿಯ ಹಣ ಹರಿದುಬಂತು. ಅದರಲ್ಲಿ ರೈತರಿಗೆ ಬಿತ್ತನೆ ಬೀಜ, ಎತ್ತು ಕೊಡಿಸಿದ್ದು ನಮ್ಮ ಪ್ರಕಾರ ಬಹಳ ಬುದ್ಧಿವಂತಿಕೆಯ ಕೆಲಸ. ಗಂಜಿ ಕುಡಿದು ಬದುಕಿದವನು ಊರಿಗೆ ಮರಳಿ ಉಳಬೇಕಲ್ಲ!

ಎಲ್ಲ ಮುಗಿದ ಮೇಲೆ ಲೆಕ್ಕ ಹಾಕಿದರು. 1871ರ ಜನಗಣತಿಯಲ್ಲಿ ಸೀಮೆಯ ಜನ 50 ಲಕ್ಷಕ್ಕೂ ಮೇಲೆ. 1881ರಲ್ಲಿ ಸುಮಾರು 42 ಲಕ್ಷ.

1880ರ ಕ್ಷಾಮ ಆಯೋಗ, ಹಸಿದವರನ್ನು ಅಲೆಯಲು ಬಿಡದೆ ಹಳ್ಳಿಹಳ್ಳಿಯಲ್ಲೂ ನಿರ್ಗತಿಕರ ಪಟ್ಟಿ ಮಾಡಿ ಅಲ್ಲೇ ನೆರವು ಕೊಡಬೇಕೆಂದಿತು. 1901ರ ಕ್ಷಾಮ ಆಯೋಗ ಇನ್ನೂ ಬೇರಿಗೆ ಕೈಹಾಕಿತು. ಸಾಹುಕಾರನ ಸಾಲದಲ್ಲಿ ಮುಳುಗಿದ ರೈತ ಮೊದಲ ಬರಕ್ಕೇ ಕುಸಿಯುತ್ತಾನೆ, ಆದ್ದರಿಂದ ಹಳ್ಳಿಯವರೇ ಸೇರಿ ಒಬ್ಬರಿಗೊಬ್ಬರು ಜಾಮೀನಾಗಿ ಸಾಲ ಕೊಡುವ ಸಂಘಗಳು ಬೇಕು ಎಂದಿತು. 1904ರಲ್ಲಿ ಸಹಕಾರ ಕಾಯಿದೆ ಬಂತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಅದೇ ವರ್ಷ ಮೈಸೂರು ಸಂಸ್ಥಾನಕ್ಕೂ ಸಹಕಾರ ಕಾನೂನು ಬಂತು.

ಮುಂದೆ 1965-66ರ ಬರದ ಹೊತ್ತಿಗೆ ಪರದೇಶದ ಗೋಧಿ ಹಡಗಿನಲ್ಲೇ ಬಂತು, ಥೇಟ್ ಬಂಗಾಳದ ಅಕ್ಕಿಯ ಹಾಗೆ. ಆದರೆ ಈ ಸಲ ಅದು ರೈಲ್ವೆ ಸ್ಟೇಷನ್ನಿನಲ್ಲೇ ರಾಶಿ ಬಿದ್ದು ಜನರನ್ನು ಕಾಯಲಿಲ್ಲ. ಹಳ್ಳಿಯ ಡಿಪೋದಲ್ಲಿ ಕಾರ್ಡು ನೋಡಿ, ತಕ್ಕಡಿಯಲ್ಲಿ ತೂಗಿ, ಪುಸ್ತಕದಲ್ಲಿ ಬರೆದುಕೊಂಡು ಕೊಡುತ್ತಿದ್ದರು. ಅಂಥ ಡಿಪೋಗಳಲ್ಲಿ ಎಷ್ಟೋ ಸಹಕಾರ ಸಂಘಗಳವೇ ಆಗಿದ್ದವು.